ಚಂದ್ರಿ ಆಡಿದ ಮಾತು

ಮದುವೆ ದಲ್ಲಾಳಿ ಹನುಮಂತರಾಯಪ್ಪ ಕಾಫಿ ಲೋಟವನ್ನು ಇನ್ನೂ ತುಟಿಗೆ ಹಚ್ಚಿರಲಿಲ್ಲ. ಮಗ್ಗದ ಕೋಣೆಯ ಹೊಸಿಲ ಮೇಲೆ ಕೂತಿದ್ದ ಆರು ವರ್ಷದ ಚಂದ್ರಿ ಗಟ್ಟಿಯಾಗಿ ಹೇಳಿದಳು:

"ಆ ಹನುಮಂತರಾಯಪ್ಪ ಬರೋದು ಕಾಫಿಗೆ ಕಣೇ, ಗಂಡು ತೋರ್ಸೋಕಲ್ಲ."

ಬಾಯಿ ಮಗುವಿನದು, ದನಿ ತಾತನದು. ಕೋದಂಡರಾಮಯ್ಯನವರು ಬೆಳಿಗ್ಗೆ ಹಲ್ಲುಜ್ಜುತ್ತಾ ಹೆಂಡತಿ ಆದಿಲಕ್ಷ್ಮಮ್ಮನಿಗೆ ಹೇಳಿದ್ದ ಮಾತು ಅದು. 'ಕಣೇ' ಎನ್ನುವಾಗ ಅವರು ಎಳೆಯುವ ರಾಗ, ಕೊನೆಗೆ ಗಂಟಲು ಸರಿಮಾಡಿಕೊಳ್ಳುವ ಒಂದು ಸಣ್ಣ ಕೆಮ್ಮು, ಏನೊಂದೂ ಬಿಟ್ಟುಹೋಗಿರಲಿಲ್ಲ. ಕರೆಂಟು ಇಲ್ಲದ ಹೊತ್ತು. ಎರಡು ಪವರ್‌ಲೂಮೂ ನಿಂತಿದ್ದವು. ಮಾತು ಮನೆಯ ಮೂಲೆಮೂಲೆಗೂ ಕೇಳಿಸಿತು.

ಹನುಮಂತರಾಯಪ್ಪ ಲೋಟ ಕೆಳಗಿಟ್ಟ.

"ಏನೋ ಮಗು, ಯಾರೋ ಅಂದಿದ್ದನ್ನ..." ಎಂದು ಆದಿಲಕ್ಷ್ಮಮ್ಮ ತೊದಲಿದರು.

"ಯಾರು ಅಂದಿದ್ದು ಅಂತ ಗೊತ್ತಾಯ್ತು ಬಿಡಮ್ಮ," ಎಂದ ಆತ. ಆದರೂ ಕಸುಬು ಬಲ್ಲ ಮನುಷ್ಯ, ಎದ್ದುಹೋಗದೆ ಎದುರಿಗೆ ಕೂತಿದ್ದ ಕೋದಂಡರಾಮಯ್ಯನವರ ಕಡೆ ತಿರುಗಿದ. "ನೋಡಿ ಸ್ವಾಮಿ, ದೇವನಹಳ್ಳಿ ಆದಿನಾರಾಯಣಪ್ಪನವರ ಮಗ ಮುನಿಸ್ವಾಮಿ. ಬೆಂಗಳೂರಲ್ಲಿ ಕಾರ್ಖಾನೆ ಕೆಲಸ. ನಮ್ಮ ನೇಕಾರರ ಮನೆತನವೇ. ಧನುರ್ಮಾಸ ಕಳೀಲಿ, ಸಂಕ್ರಾಂತಿ ಆದ ವಾರಕ್ಕೆ ನಿಮ್ಮ ಮಗಳು ಪಂಕಜಾಕ್ಷೀನ ನೋಡೋಕೆ ಬರ್ತಾರೆ. ಆದ್ರೆ ಒಂದು ಮಾತು. ಆವತ್ತು ಈ ಮಗು ಇಲ್ಲಿರೋದು ಬೇಡ."

"ಯಾಕೆ?" ಎಂದರು ಕೋದಂಡರಾಮಯ್ಯನವರು.

"ಯಾಕೆ ಅಂತ ನನ್ನ ಕೇಳ್ತೀರಾ? ಮನೇಲಿ ಇಂಥ ಮಗು ಐತೆ ಅಂದ್ರೆ, ನಾಳೆ ನಮ್ಮ ಮನೇಲೂ ಹಿಂಗೇ ಹುಟ್ಟೀತು ಅಂತ ಹೆದರ್ಕೋತಾರೆ. ಎಲ್ಲಾದ್ರೂ ನೆಂಟರ ಮನೆಗೆ ಕಳಿಸಿಬಿಡಿ."

ಚಂದ್ರಿ ದಾರ ಸುತ್ತುವ ಖಾಲಿ ಕಂಡಿಕೆಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು. "ಎಲ್ಲಾದ್ರೂ ನೆಂಟರ ಮನೆಗೆ ಕಳಿಸಿಬಿಡಿ," ಎಂದು ಹನುಮಂತರಾಯಪ್ಪನ ದನಿಯಲ್ಲೇ ಹೇಳಿ ಇನ್ನೊಂದು ಕಂಡಿಕೆ ಇಟ್ಟಳು.

ಅದು ಸಾವಿರದ ಒಂಬೈನೂರ ಎಪ್ಪತ್ಮೂರರ ಡಿಸೆಂಬರು. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಕೋದಂಡರಾಮಯ್ಯನವರದು ತಕ್ಕಮಟ್ಟಿಗೆ ಹೆಸರಿದ್ದ ಮನೆ. ಕೈಮಗ್ಗದ ಕಾಲದಲ್ಲಿ ಅವರು ನೇಯ್ದ ಸೀರೆಯ ಅಂಚು ನೋಡಲು ಬೆಂಗಳೂರಿನಿಂದ ಜನ ಬರುತ್ತಿದ್ದರು. ಈಗ ಪವರ್‌ಲೂಮು ನೋಡಿಕೊಳ್ಳುವುದು ಮಗ ರಾಮಲಿಂಗಯ್ಯ. ತಂದೆಯದು ರಾಟೆಯ ಮುಂದೆ ಕೂತು ಕಂಡಿಕೆಗೆ ದಾರ ಸುತ್ತುವ ಕೆಲಸ. ಮಗ್ಗದ ಕೆಲಸ ಕೈಬಿಟ್ಟಿದ್ದರೂ ಮನೆಯಲ್ಲಿ ಕೊನೆಯ ಮಾತು ಅವರದೇ.

ಚಂದ್ರಿ ರಾಮಲಿಂಗಯ್ಯ ಮತ್ತು ಬನಶಂಕರಿಯ ಒಬ್ಬಳೇ ಮಗಳು. ಮೂರು ವರ್ಷದವರೆಗೆ ಒಂದು ಮಾತೂ ಆಡಲಿಲ್ಲ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಮಾತು ಬಂತು; ಬಂದದ್ದು ಅಮ್ಮ, ಅಪ್ಪ, ಹಾಲು ಎಂಬ ಬಿಡಿ ಮಾತಲ್ಲ, ರೇಡಿಯೋದವರು ಹೇಳುವ ಉದ್ದನೆಯ ಸಾಲು. ಮನೆಯವರು ಹಿಗ್ಗಿಹೋದರು. ಆದರೆ ಅದಾಗಿ ಮೂರು ವರ್ಷ ಕಳೆದರೂ ಅವಳು ಆಡುತ್ತಿದ್ದುದು ಬೇರೆಯವರ ಸಾಲುಗಳನ್ನೇ. ಸೊಪ್ಪಿನವಳ ಕೂಗು, ಪಕ್ಕದ ಮನೆಯ ದ್ಯಾವಮ್ಮನ ಶಾಪ, ಅಪ್ಪ ಮಗ್ಗಕ್ಕೆ ಬೈಯುವ ಬೈಗುಳ. 'ಊಟ ಮಾಡ್ತೀಯಾ?' ಎಂದರೆ 'ಊಟ ಮಾಡ್ತೀಯಾ?' ಎನ್ನುತ್ತಿದ್ದಳು. ಕಿವಿಯ ದೋಷವಿರಬಹುದೆಂದು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಕಿವಿ ಚೆನ್ನಾಗಿದೆ, ಬುದ್ಧಿ ನಿಧಾನವಾಗಿ ಬರುತ್ತದೆ, ಕಾಯಿರಿ ಎಂದಿದ್ದರು ಅಲ್ಲಿಯ ಡಾಕ್ಟರು. ಮನೆಯವರು ಕಾಯುತ್ತಿದ್ದರು.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕೋದಂಡರಾಮಯ್ಯನವರು ಮುದ್ದೆ ಮುರಿಯುತ್ತಾ ಹೇಳಿದರು: "ಬನಶಂಕರಿ, ಸಂಕ್ರಾಂತಿ ಹೊತ್ತಿಗೆ ಮಗೂನ ಕರ್ಕೊಂಡು ಇಲ್ಲೇ ವಿಜಯಪುರಕ್ಕೆ ಹೋಗಿರಮ್ಮ, ನಿಮ್ಮ ತಾಯಿ ಮನೆಗೆ. ಒಂದೆರಡು ತಿಂಗಳು ಇದ್ದು ಬಾ."

ಬನಶಂಕರಿ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಬಚ್ಚಿಡೋಕೆ ನನ್ನ ಮಗು ಏನು ಕದ್ದ ಮಾಲಾ ಮಾವ?"

"ಬಚ್ಚಿಡೋದು ಅಂತ ಯಾರಂದ್ರು?"

"ಹನುಮಂತರಾಯಪ್ಪ ಅಂದಿದ್ದು ಅಡಿಗೆ ಮನೆಗೂ ಕೇಳಿಸ್ತು."

"ರಾಮಲಿಂಗ, ನಿನ್ನ ಹೆಂಡ್ತಿಗೆ ಹೇಳಪ್ಪ. ಪಂಕಜಂಗೆ ಇಪ್ಪತ್ತು ತುಂಬ್ತು. ಇದು ಮೂರನೇ ಗಂಡು."

ರಾಮಲಿಂಗಯ್ಯ ತಟ್ಟೆಯಿಂದ ತಲೆ ಎತ್ತಲಿಲ್ಲ. "ಎರಡು ತಿಂಗಳು ತಾನೇ ಬನಶಂಕರಿ," ಎಂದ.

ಅವಳು ಅವತ್ತೇ ಸಾಯಂಕಾಲ ಅಟ್ಟದಿಂದ ಟ್ರಂಕು ಇಳಿಸಿ ಅದರ ಧೂಳು ಬಡಿದು ಕೊಡವಿದಳು, ಎಲ್ಲರಿಗೂ ಕೇಳುವಂತೆ.

ಮುಂದಿನ ವಾರವೆಲ್ಲ ಮನೆಯಲ್ಲಿ ಅವರೆಕಾಯಿಯ ಕೆಲಸ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಕರೆಂಟು ಕಟ್ಟು; ಆ ಎರಡು ಗಂಟೆ ನಡುಮನೆಯಲ್ಲಿ ಮೊರ ಹರಡಿಕೊಂಡು ಹೆಂಗಸರು ಕಾಳು ಹಿದುಕುತ್ತಿದ್ದರು. ಒಂದು ದಿನ ಕೋದಂಡರಾಮಯ್ಯನವರು ಮಗನೊಂದಿಗೆ ನೂಲಿನ ವಿಚಾರ ಮಾತಾಡುತ್ತಿದ್ದರು. ಬಂದ ನೂಲು ಕಡಿಯುತ್ತಿತ್ತು, ತಲೆ ಬಿಸಿಯಾಗಿತ್ತು. ಅವರು ಒಂದು ಮಾತು ಆಡಿದರೆ ಚಂದ್ರಿ ಹಿಂದೆಯೇ ಅದನ್ನು ಆಡುತ್ತಿದ್ದಳು. "ನೂಲು ಸರಿಯಿಲ್ಲ." "ನೂಲು ಸರಿಯಿಲ್ಲ." "ವಾಪಸ್ ಕಳಿಸು." "ವಾಪಸ್ ಕಳಿಸು."

"ಲೇ, ಸುಮ್ನಿರೇ!"

"ಲೇ, ಸುಮ್ನಿರೇ!"

ಕೋದಂಡರಾಮಯ್ಯನವರು ಎದ್ದು ನಿಂತರು. "ಬಾಯ್ ಮುಚ್ಕೊಂಡು ಕೂತ್ಕೋ! ನಾನು ಹೇಳೋವರ್ಗೂ ತೆಗೆದ್ರೆ ನೋಡು!"

ಚಂದ್ರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವರು ಮೇಲುವಸ್ತ್ರ ಹೆಗಲಿಗೆ ಹಾಕಿಕೊಂಡು ನೂಲಿಗೆ ಬಣ್ಣ ಹಾಕುವವರ ಮನೆಗೆ ಹೋದರು.

ವಾಪಸು ಬಂದಾಗ ಎರಡೂವರೆ ಗಂಟೆ. ಮಗ್ಗ ಓಡುತ್ತಿತ್ತು. ಮಗ್ಗದ ಸದ್ದಿನ ನಡುವೆಯೂ ಬನಶಂಕರಿ ಅಳುತ್ತಿರುವುದು ಕೇಳಿಸಿತು. ಚಂದ್ರಿ ಕೂತ ಜಾಗದಲ್ಲೇ ಕೂತಿದ್ದಳು. ಎರಡು ಕೈಯೂ ಬಾಯಿಯ ಮೇಲೇ ಇದ್ದವು. ಪಕ್ಕದಲ್ಲಿ ಆರಿಹೋದ ಮುದ್ದೆ, ಮುಟ್ಟದ ನೀರಿನ ಲೋಟ.

"ಹಟ ನೋಡು ಇವಳದು," ಎಂದರು.

ಆದಿಲಕ್ಷ್ಮಮ್ಮ ಗಂಡನಿಗೆ ಎದುರು ಮಾತಾಡುವ ಹೆಂಗಸಲ್ಲ. ಅವತ್ತು ಆಡಿದರು. "ಹಟ ಅಲ್ಲ ಕಣ್ರೀ. ಕೈ ಬಿಡಿಸೋಕೆ ಹೋದ್ರೆ ಮೂಗಲ್ಲೇ ಕಿರ್ಚ್ತಾಳೆ. ನೀವು ಹೇಳೋವರ್ಗೂ ಅಂದ್ರಲ್ಲ, ಕಾಯ್ತಾ ಕೂತವಳೆ. ಈ ಮನೇಲಿ ನಿಮ್ಮ ಮಾತನ್ನ ಅಕ್ಷರಕ್ಕಕ್ಷರ ನಡೆಸೋಳು ಅಂದ್ರೆ ಇವಳೊಬ್ಬಳೇ."

ಕೋದಂಡರಾಮಯ್ಯನವರು ಮೊಮ್ಮಗಳ ಮುಂದೆ ಮೊಣಕಾಲೂರಿ ಕೂತರು. ಮಂಡಿ ನೋವಿನ ಮನುಷ್ಯ ಹಾಗೆ ಕೂತು ವರ್ಷಗಳಾಗಿದ್ದವು. "ಆಯ್ತಮ್ಮ, ಊಟ ಮಾಡು," ಎಂದರು. ಚಂದ್ರಿ ಕದಲಲಿಲ್ಲ. ಕಣ್ಣು ಅವರ ಭುಜದಾಚೆ ಎಲ್ಲೋ ನೋಡುತ್ತಿತ್ತು. ಅವರು ಸ್ವಲ್ಪ ಯೋಚಿಸಿದರು. ಹಾಕಿದ ಗಂಟನ್ನು ಹಾಕಿದ ಕಡೆಯಿಂದಲೇ ಬಿಚ್ಚಬೇಕು ಎನ್ನಿಸಿತು.

"ಕೈ ತೆಗಿ ಚಂದ್ರಿ. ಬಾಯ್ ಮುಚ್ಚಿದ್ದು ಸಾಕು. ತಾತ ಹೇಳ್ತಾ ಐದೀನಿ, ತೆಗಿ."

ಕೈ ಕೆಳಗಿಳಿದವು. ಕೆನ್ನೆಯ ಮೇಲೆ ಐದೈದು ಬೆರಳಿನ ಗುರುತು ಕೆಂಪಗೆ ಮೂಡಿತ್ತು, ತುಟಿ ಒಣಗಿ ಅಂಟಿಕೊಂಡಿತ್ತು. ಅವಳು ನೀರಿನ ಲೋಟ ಎತ್ತಿ ಗಟಗಟ ಕುಡಿದಳು. ಆಮೇಲೆ ತಣ್ಣನೆ ಮುದ್ದೆಗೆ ಕೈ ಹಾಕಿದಳು. ಕೋದಂಡರಾಮಯ್ಯನವರು ಎದ್ದು ಹೋಗಿ ಲೋಟಕ್ಕೆ ಮತ್ತೆ ನೀರು ತುಂಬಿ ತಂದಿಟ್ಟರು.

ಆವತ್ತಿನಿಂದ ಅವರು ಮೊಮ್ಮಗಳ ಮಾತಿಗೆ ಕಿವಿಗೊಡಲು ಶುರುಮಾಡಿದರು. ರಾಟೆ ತಿರುಗಿಸುತ್ತಾ ಕೇಳುವುದು, ಬೇರೆ ಕೆಲಸವೇನಿತ್ತು? ಒಂದು ದಿನ ಬೀದಿನಾಯಿ ಬಾಗಿಲಿಗೆ ಬಂದಾಗ ಚಂದ್ರಿ ಹಿಂದೆ ಸರಿದು, "ಹುಷಾರು ಕಂದ, ಕಲ್ಲು ಜಾರ್ತೈತೆ!" ಎಂದಳು. ಅದು ಆದಿಲಕ್ಷ್ಮಮ್ಮನ ಮಾತು. ಎರಡು ವರ್ಷದ ಹಿಂದೆ ನೀರಿನ ತೊಟ್ಟಿಯ ಕಲ್ಲಿನ ಮೇಲೆ ಮಗು ಜಾರಿಬಿದ್ದು ಹಣೆ ಒಡೆದುಕೊಂಡಾಗ ಕೂಗಿದ್ದು. ನಾಯಿಗೂ ಕಲ್ಲಿಗೂ ಏನು ಸಂಬಂಧ? ಎರಡು ದಿನ ಬಿಟ್ಟು ಬೀದಿಯಲ್ಲಿ ಒಂದು ಲಾರಿಯ ಟೈರು ಢಬ್ಬೆಂದಿತು. ಮತ್ತೆ ಅದೇ ಮಾತು: "ಹುಷಾರು ಕಂದ, ಕಲ್ಲು ಜಾರ್ತೈತೆ!" ಕೋದಂಡರಾಮಯ್ಯನವರ ಕೈಯ ರಾಟೆ ನಿಂತಿತು.

ಒಳಗೆ ಹೋಗಿ ಸೊಸೆಯನ್ನು ಕರೆದರು. "ಬನಶಂಕರಿ, ಇವಳು ಕಲ್ಲು ಜಾರ್ತೈತೆ ಅಂದ್ರೆ ಹೆದರಿಕೆ ಆಯ್ತು ಅಂತ ಅರ್ಥ, ಅಲ್ವೇನಮ್ಮ?"

ಬನಶಂಕರಿ ಅಕ್ಕಿ ಆರಿಸುತ್ತಿದ್ದಳು. "ಹೌದು ಮಾವ. 'ಆಕಾಶವಾಣಿ, ಬೆಂಗಳೂರು' ಅಂದ್ರೆ ನಿದ್ದೆ ಬಂತು ಅಂತ. ಆ ಹೊತ್ತಲ್ಲಿ ತೊಡೆ ಮೇಲೆ ಮಲಗಿಸ್ಕೊಂಡು ರೇಡಿಯೋ ಕೇಳ್ತಿದ್ದೆ. 'ದಾರ ಗಂಟು ಬಿತ್ತು' ಅಂದ್ರೆ ಹೊಟ್ಟೆ ನೋವು. ದ್ಯಾವಮ್ಮನ 'ನಿಮ್ಮ ಮನೆ ಹಾಳಾಗ' ಅಂದ್ರೆ ಖುಷಿ."

"ಖುಷಿನಾ?"

"ಬಯ್ಯೋವಾಗ ದ್ಯಾವಮ್ಮ ಕೈ ಕುಣಿಸ್ತಾಳಲ್ಲ, ಅದು ಇವಳಿಗೆ ಚೆಂದ."

ಕೋದಂಡರಾಮಯ್ಯನವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. "ಇಷ್ಟೆಲ್ಲ ಗೊತ್ತಿದ್ದೂ ಮೊದ್ಲೇ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು ಮಾವ?"

ಅವಳು ತಲೆ ಎತ್ತದೆ ಕಲ್ಲು ಹೆಕ್ಕುತ್ತಿದ್ದಳು. ಅವರು ಹೋಗಿ ರಾಟೆಯ ಮುಂದೆ ಕೂತರು.

ಇನ್ನೊಂದನ್ನು ಕಂಡುಹಿಡಿದವಳು ಪಂಕಜಾಕ್ಷಿ. ನೀರು ಬೇಕಾದಾಗ ಚಂದ್ರಿ ಬಿಂದಿಗೆಯ ಹತ್ತಿರ ನಿಂತು "ನಿಂಗೆ ನೀರು ಬೇಕಾ?" ಎನ್ನುತ್ತಿದ್ದಳು. ಹೊಸಬರಾದರೆ, ತಮ್ಮನ್ನು ಕೇಳುತ್ತಿದೆ ಮಗು ಎಂದುಕೊಂಡು ಬೇಡಮ್ಮ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಪಂಕಜಾಕ್ಷಿ ಮಗ್ಗಕ್ಕೆ ನೂಲು ಹೂಡಿ ಬಂದು, ಸುಸ್ತಾಗಿ, ಅತ್ತಿಗೆಗೆ "ನಂಗೆ ನೀರು ಬೇಕು" ಎಂದು ಕೇಳಿ ಕುಡಿದಳು. ಸ್ವಲ್ಪ ಹೊತ್ತಿಗೆ ಚಂದ್ರಿ ಬಿಂದಿಗೆಯ ಹತ್ತಿರ ಹೋಗಿ, ಪಂಕಜಾಕ್ಷಿಯ ಸುಸ್ತನ್ನೂ ಸೇರಿಸಿ, "ನಂಗೆ ನೀರು ಬೇಕು," ಎಂದಳು.

ಬನಶಂಕರಿಯ ಕೈ ಬಿಂದಿಗೆಯ ಮೇಲೇ ನಿಂತಿತು.

"ಅತ್ತಿಗೆ, ಗೊತ್ತಾಯ್ತಾ?" ಎಂದಳು ಪಂಕಜಾಕ್ಷಿ. "ನಾವು ಹೆಂಗೆ ಹೇಳ್ತೀವೋ ಹಂಗೇ ಎತ್ಕೋತಾಳೆ. ನಾವು ಪ್ರಶ್ನೆ ಕೇಳಿದ್ರೆ ಪ್ರಶ್ನೇನೇ ಎತ್ಕೋತಾಳೆ. ಇನ್ಮೇಲೆ ಇವಳನ್ನ ಏನೂ ಕೇಳೋದು ಬೇಡ. ಅವಳು ಏನು ಹೇಳ್ಬೇಕೋ ಅದನ್ನ ನಾವೇ ಹೇಳೋಣ, ಅವಳ ಬಾಯಿಂದ ಹೇಳ್ದಂಗೆ."

ಮನೆಮಂದಿಯೆಲ್ಲ ಹಾಗೆ ಮಾತಾಡಲು ಶುರುಮಾಡಿದರು. ಚಂದ್ರಿ ಉಪ್ಪಿನಕಾಯಿಯ ಜಾಡಿ ನೋಡಿದರೆ ಅಜ್ಜಿ "ನಂಗೆ ಉಪ್ಪಿನಕಾಯಿ ಬೇಕು" ಎನ್ನುವುದು. ಬಾಗಿಲ ಕಡೆ ನೋಡಿದರೆ ಅಪ್ಪ "ನಾನು ಆಚೆ ಹೋಗ್ತೀನಿ" ಎನ್ನುವುದು. ಒಂದು ದಿನ ಕೋದಂಡರಾಮಯ್ಯನವರು ಮೊಮ್ಮಗಳ ಮುಂದೆ ಬೆಲ್ಲದ ಉಂಡೆ ಹಿಡಿದು, "ನಂಗೆ ಬೆಲ್ಲ ಬೇಕು, ನಂಗೆ ಬೆಲ್ಲ ಬೇಕು" ಎನ್ನುತ್ತಿರುವಾಗ ದ್ಯಾವಮ್ಮ ಮಜ್ಜಿಗೆಗೆಂದು ಬಂದು ನಿಂತಳು.

"ಈ ವಯಸ್ಸಲ್ಲಿ ಅಷ್ಟೊಂದು ಆಸೆ ಯಾಕೆ ಸ್ವಾಮಿ? ಕೈಯಾಗೇ ಐತಲ್ಲ, ತಿನ್ನಿ," ಎಂದಳು.

ಆದಿಲಕ್ಷ್ಮಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಮನೆಯಲ್ಲಿ ಅಷ್ಟು ನಗು ಕೇಳಿ ಬಹಳ ದಿನವಾಗಿತ್ತು. ಬೈಗುಳವೂ ಕಡಿಮೆಯಾಯಿತು. ಆಡಿದ್ದೆಲ್ಲ ಅವಳ ಬಾಯಲ್ಲಿ ಉಳಿಯುತ್ತದೆಂದು ಗೊತ್ತಾದ ಮೇಲೆ ರಾಮಲಿಂಗಯ್ಯ ಕೂಡ ದಾರ ಕಡಿದರೆ ಹಲ್ಲು ಕಚ್ಚಿಕೊಂಡು ಸುಮ್ಮನಾಗುತ್ತಿದ್ದ.

ಸಂಕ್ರಾಂತಿಯ ಹಿಂದಿನ ದಿನ ಬನಶಂಕರಿ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಕೋದಂಡರಾಮಯ್ಯನವರು ಬಾಗಿಲಲ್ಲಿ ನಿಂತು, "ಬಿಚ್ಚಿಡಮ್ಮ ಅದನ್ನ. ಎಲ್ಲೂ ಹೋಗೋದು ಬೇಡ," ಎಂದರು.

ರಾಮಲಿಂಗಯ್ಯ ಮಗ್ಗ ನಿಲ್ಲಿಸಿ ಬಂದ. "ಅಪ್ಪ, ತಂಗಿ ಮದ್ವೆ ಕೆಟ್ರೆ?"

"ಅಣ್ಣ," ಎಂದಳು ಪಂಕಜಾಕ್ಷಿ ಒಳಗಿನಿಂದ, "ನನ್ನ ಹೆಸರು ಹೇಳ್ಕೊಂಡು ಮಗೂನ ಆಚೆ ಕಳಿಸಬೇಡ. ಆಮೇಲೆ ಆ ಮನೇಲಿ ನಾನು ಹೆಂಗೆ ಅನ್ನ ತಿನ್ಲಿ?"

ದೇವನಹಳ್ಳಿಯವರು ಮುಂದಿನ ಗುರುವಾರ ಬಂದರು. ಆದಿನಾರಾಯಣಪ್ಪ, ಅವರ ಹೆಂಡತಿ ಅಮ್ಮಯಮ್ಮ, ಮಗ ಮುನಿಸ್ವಾಮಿ. ಹನುಮಂತರಾಯಪ್ಪ ಚಂದ್ರಿಯನ್ನು ನೋಡಿದವನೇ ಮುಖ ಹುಳ್ಳಗೆ ಮಾಡಿಕೊಂಡ. ಉಪ್ಪಿಟ್ಟು, ಕೇಸರಿಬಾತು ಆಯಿತು. ಪಂಕಜಾಕ್ಷಿ ಬಂದು ನಮಸ್ಕಾರ ಮಾಡಿ ಕೂತಳು. ಅವಳ ಸೆರಗು ಹಿಡಿದು ಚಂದ್ರಿಯೂ ಕೂತಳು.

ಅಮ್ಮಯಮ್ಮ ಅಕ್ಕರೆಯಿಂದಲೇ ಕೇಳಿದರು, "ನಿನ್ನ ಹೆಸರೇನು ಪುಟ್ಟಿ?"

"ನಿನ್ನ ಹೆಸರೇನು ಪುಟ್ಟಿ?" ಎಂದಳು ಚಂದ್ರಿ ಅದೇ ಅಕ್ಕರೆಯಿಂದ.

ಅಮ್ಮಯಮ್ಮನ ಮುಖ ಬಿಗಿಯಿತು. ಅಷ್ಟರಲ್ಲಿ ಒಳಗೆ ಹಿತ್ತಾಳೆ ತಟ್ಟೆಯೊಂದು ನೆಲಕ್ಕೆ ಬಿದ್ದು ಝಣಝಣ ಸದ್ದಾಯಿತು. "ಹುಷಾರು ಕಂದ, ಕಲ್ಲು ಜಾರ್ತೈತೆ!" ಎಂದು ಚಂದ್ರಿ ಕೂಗಿ ಪಂಕಜಾಕ್ಷಿಯ ಮಡಿಲಲ್ಲಿ ಮುಖ ಮರೆಮಾಡಿದಳು. ಅಮ್ಮಯಮ್ಮ ತಮ್ಮ ಕಾಲಡಿಯ ನೆಲ ನೋಡಿಕೊಂಡರು.

"ಮಕ್ಕಳು, ಆಟ..." ಎಂದು ಹನುಮಂತರಾಯಪ್ಪ ಶುರುಮಾಡಿದ.

"ಆಟ ಅಲ್ಲ," ಎಂದರು ಕೋದಂಡರಾಮಯ್ಯನವರು. "ಇವಳು ನನ್ನ ಮೊಮ್ಮಗಳು ಚಂದ್ರಮತಿ. ಸದ್ದಿಗೆ ಹೆದರಿದ್ಲು, ಅದನ್ನ ಹಂಗೆ ಹೇಳಿದ್ಲು. ಮಾತು ಇವಳಿಗೆ ಬೇರೆ ದಾರೀಲಿ ಬರ್ತೈತೆ. ನಮಗೂ ಅರ್ಥ ಆಗಿರಲಿಲ್ಲ, ಈಗೀಗ ಸ್ವಲ್ಪ ಸ್ವಲ್ಪ ಆಗ್ತೈತೆ. ಮುಚ್ಚಿಡೋ ವಿಷಯ ಅಲ್ಲ, ಅದಕ್ಕೇ ಹೇಳ್ದೆ."

ದೇವನಹಳ್ಳಿಯವರು ತಾಂಬೂಲ ತೆಗೆದುಕೊಂಡು ಹೊರಟರು.

ಎಂಟು ದಿನದ ಮೇಲೆ ಹನುಮಂತರಾಯಪ್ಪ ಸುದ್ದಿ ತಂದ. ಹುಡುಗಿ ಒಪ್ಪಿಗೆ. ಆದರೆ ಮದುವೆಯ ಮೂರು ದಿನ ಆ ಮಗು ಚಪ್ಪರದ ಹತ್ತಿರ ಸುಳಿಯಬಾರದು. ಆಮೇಲೂ ಅವರ ಮನೆಗೆ ಕರೆದುಕೊಂಡು ಬರಬಾರದು.

ಕೋದಂಡರಾಮಯ್ಯನವರು ಮಗಳ ಕಡೆ ನೋಡಿದರು. "ನೀನು ಹೇಳಮ್ಮ. ಬದುಕೋಳು ನೀನು."

ಪಂಕಜಾಕ್ಷಿ ಗೋಡೆಗೆ ಒರಗಿ ನಿಂತಿದ್ದಳು. ಹುಡುಗ ಅವಳಿಗೆ ಹಿಡಿಸಿದ್ದ. ಅದು ಮನೆಯವರಿಗೆಲ್ಲ ಗೊತ್ತಿತ್ತು.  ಆದರೂ ಮಾತು ಸ್ಪಷ್ಟವಾಗೇ ಬಂತು: "ಬೇಡ ಅಂತ ಹೇಳಿಬಿಡಿ ಅಪ್ಪ."

ಬೇಡ ಎನ್ನುವುದನ್ನು ದಲ್ಲಾಳಿಯ ಕೈಲಿ ಹೇಳಿಕಳಿಸುವುದು ಮರ್ಯಾದೆಯಲ್ಲವೆಂದು ಮಾರನೆಯ ಬೆಳಿಗ್ಗೆ ಕೋದಂಡರಾಮಯ್ಯನವರೇ ಬಸ್ಸು ಹತ್ತಿ ದೇವನಹಳ್ಳಿಗೆ ಹೋದರು. ಆದಿನಾರಾಯಣಪ್ಪನವರ ಜಗಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ಹೇಳುವುದನ್ನು ಹೇಳಿದರು. ಅಮ್ಮಯಮ್ಮ ಬಾಗಿಲ ಹಿಂದಿನಿಂದ ಆಚೆಗೆ ಬರಲಿಲ್ಲ. ಆದಿನಾರಾಯಣಪ್ಪ, "ಒಂದು ಮಗೂಗೋಸ್ಕರ ಒಂದು ಸಂಬಂಧ ಕಳ್ಕೋತೀರಾ?" ಎಂದರು.

"ಕಳ್ಕೊಳ್ಳೋದು ನಮಗೂ ಇಷ್ಟ ಇಲ್ಲ. ಆದ್ರೆ ಅವಳನ್ನ ಬಿಟ್ಟು ಚಪ್ಪರ ಹಾಕೋಕೆ ನಮ್ಮ ಕೈಲಿ ಆಗಲ್ಲ," ಎಂದು ಎದ್ದರು.

ರಜೆಗೆ ಊರಿಗೆ ಬಂದಿದ್ದ ಮುನಿಸ್ವಾಮಿ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದು ಬಂದ.  ಬಸ್ಸು ಬಂದಾಗ, "ಆ ಮಗು ನನ್ನ ಹೆಸರೂ ಹೇಳುತ್ತಾ?" ಎಂದು ಕೇಳಿದ.

"ಯಾರಾದ್ರೂ ಪ್ರೀತಿಯಿಂದ ಹೇಳೋದನ್ನ ಕೇಳಿದ್ರೆ ಹೇಳ್ತಾಳಪ್ಪ."

ಹುಡುಗ ಕಿವಿಯವರೆಗೆ ಕೆಂಪಾದ. "ಹದಿನೈದು ದಿನ ಟೈಮ್ ಕೊಡಿ. ಅಮ್ಮನ ಹತ್ರ ನಾನು ಮಾತಾಡ್ತೀನಿ."

ಹದಿನೈದು ದಿನವಲ್ಲ, ಒಂದು ತಿಂಗಳು ಹಿಡಿಯಿತು. ಬೇಸಿಗೆಯಲ್ಲಿ ಮದುವೆಯೂ ಆಯಿತು. ಅಮ್ಮಯಮ್ಮ ಪೂರಾ ಮನಸ್ಸಿನಿಂದ ಒಪ್ಪಿದರೋ ಇಲ್ಲವೋ, ಚಪ್ಪರದಲ್ಲಿ ಚಂದ್ರಿ ಇದ್ದಳು. ಆದರೆ ಅದು ಆಮೇಲಿನ ಮಾತು. ಅವತ್ತು ಕೋದಂಡರಾಮಯ್ಯನವರು ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಊಟದ ಹೊತ್ತಿಗೆ ಬರುತ್ತೇನೆಂದಿದ್ದವರು ಮನೆ ಸೇರಿದಾಗ ದೀಪ ಹಚ್ಚುವ ಹೊತ್ತಾಗಿತ್ತು.

ಬಾಗಿಲಲ್ಲಿ ಮೂವರು ಹೆಂಗಸರೂ ನಿಂತಿದ್ದರು. ದೇವನಹಳ್ಳಿಯ ಸುದ್ದಿಯನ್ನು ಒಬ್ಬರೂ ಕೇಳಲಿಲ್ಲ.

"ಮಾವ, ಚಂದ್ರಿ ಮಾತಾಡಿದ್ಲು," ಎಂದಳು ಬನಶಂಕರಿ. ಅವಳ ಮೂಗು, ಕಣ್ಣು ಎಲ್ಲ ಕೆಂಪಾಗಿತ್ತು.

"ಏನಂದ್ಲು?"

"ಮಧ್ಯಾಹ್ನ ನಿಮ್ಮ ರಾಟೆ ಹತ್ರ ಹೋದ್ಲು. ನಿಮ್ಮ ಮಣೆ ಮುಟ್ಟಿದ್ಲು. ಆಮೇಲೆ ಬಾಗಿಲಿಗೆ ಬಂದು ನಿಂತ್ಕೊಂಡು, 'ನಂಗೆ ತಾತ ಬೇಕು' ಅಂದ್ಲು."

ಕೋದಂಡರಾಮಯ್ಯನವರು ಹೆಂಡತಿಯ ಕಡೆ ತಿರುಗಿದರು. "ನೀನು ಹೇಳ್ಕೊಟ್ಯಾ?"

"ನಾನ್ಯಾಕೆ ಹೇಳ್ಕೊಡ್ಲಿ? ನೀವು ಬಸ್ಸಲ್ಲಿ ಹೋಗಿದ್ರಿ, ಬರ್ತೀರಿ ಅಂತ ನಾನು ಸುಮ್ನಿದ್ದೆ."

"ಪಂಕಜ, ನೀನು?"

"ಇಲ್ಲ ಅಪ್ಪ. ನೀರು ಬೇಕು, ಬೆಲ್ಲ ಬೇಕು, ಅಷ್ಟೇ ನಾವು ಹೇಳಿದ್ದು. ತಾತ ಬೇಕು ಅಂತ ಈ ಮನೇಲಿ ಯಾರೂ ಹೇಳಿಲ್ಲ. ಅದು ಯಾರ ಮಾತೂ ಅಲ್ಲ, ಅವಳದೇ."

"ಯಾರ ದನಿ ಇತ್ತು?"

ಪಂಕಜಾಕ್ಷಿಯೂ ಬನಶಂಕರಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಬನಶಂಕರಿ ಹೇಳಿದಳು, "ಆ ದನಿ ನಾನು ಮುಂಚೆ ಕೇಳಿರಲಿಲ್ಲ ಮಾವ. ಸಣ್ಣ ದನಿ."

"ಇನ್ನೊಂದ್ಸಲ ಹೇಳಮ್ಮ, ಎಲ್ಲಿ ನಿಂತಿದ್ಲು ಅಂದೆ?"

ಅವಳು ಮೊದಲಿನಿಂದ ಮತ್ತೆ ಹೇಳಿದಳು. ಅವರು ಮೂರನೆಯ ಸಲ ಹೇಳಿಸಿದರು. ಆಮೇಲೆ ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋದರು.

ಚಂದ್ರಿ ಮಗ್ಗದ ಕೋಣೆಯಲ್ಲಿ ಬಲ್ಬಿನ ಕೆಳಗೆ ಕೂತು ಹಸಿರು ದಾರದ ಕಂಡಿಕೆಗಳನ್ನು ಒಂದು ಸಾಲು, ಹಳದಿಯವನ್ನು ಒಂದು ಸಾಲು ಇಡುತ್ತಿದ್ದಳು. ತಲೆ ಎತ್ತಿ ನೋಡಲಿಲ್ಲ. ಕೋದಂಡರಾಮಯ್ಯನವರಿಗೆ 'ಹೇಳು ಪುಟ್ಟಿ, ಇನ್ನೊಂದು ಸಲ ಹೇಳು' ಎನ್ನಬೇಕೆಂದು ಬಾಯಿಯವರೆಗೆ ಬಂತು. ಹೇಳು ಎಂದರೆ ಅವಳು 'ಹೇಳು' ಎನ್ನುತ್ತಾಳೆ, ಅವರ ದನಿಯಲ್ಲೇ. ಅದು ಅವರಿಗೆ ಬೇಕಿರಲಿಲ್ಲ. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಅವಳ ಪಕ್ಕ ಕೂತರು.

 ಚಂದ್ರಿ ಒಂದು ಹಳದಿ ಕಂಡಿಕೆಯನ್ನು ಅವರ ಕಡೆ ತಳ್ಳಿದಳು. ಅವರು ಅದನ್ನು ಹಳದಿ ಸಾಲಿನ ಕೊನೆಗೆ ಇಟ್ಟರು. ಅದು ಕೊಂಚ ಸೊಟ್ಟಗಾಗಿತ್ತು. ಅವಳು ಬೆರಳಿನಿಂದ ನೆಟ್ಟಗೆ ಮಾಡಿ, ಇನ್ನೊಂದನ್ನು ತಳ್ಳಿದಳು.

"ಮಾವ, ಬೆಳಿಗ್ಗೆಯಿಂದ ಉಂಡಿಲ್ಲ, ತಟ್ಟೆ ಹಾಕ್ಲಾ?" ಎಂದು ಬನಶಂಕರಿ ಅಡಿಗೆಮನೆಯಿಂದ ಕೂಗಿದಳು.

"ಇರಮ್ಮ," ಎಂದರು ಕೋದಂಡರಾಮಯ್ಯನವರು, ಕಂಡಿಕೆಯನ್ನು ಈ ಸಲ ನೆಟ್ಟಗೆ ಇಡುತ್ತಾ, "ಇಲ್ಲಿ ಕೆಲಸ ಐತೆ."